ಪತ್ತನಾಜೆಯೊಳಗೆ ಫ್ಲೂ ಲಸಿಕೆ: ಕರಾವಳಿಯ ಮನೆಗಳಲ್ಲಿ ಯಾರಿಗೆ, ಯಾವಾಗ, ಹೇಗೆ

ಋತುಮಾನದ ಫ್ಲೂ ಜ್ವರಕ್ಕೆ ಲಸಿಕೆ ಹಾಕಿಸಿಕೊಳ್ಳಲು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳವರಿಗೆ ಒಳ್ಳೆಯ ಕಾಲ ಏಪ್ರಿಲ್ ನಡುವಿನಿಂದ ಮೇ ಮೂರನೆಯ ವಾರದವರೆಗೆ. ಊರಿನ ಲೆಕ್ಕದಲ್ಲಿ ಹೇಳುವುದಾದರೆ ಪತ್ತನಾಜೆಗೆ ಮೊದಲು. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ದೈವಗಳ ಕೋಲ–ನೇಮಗಳು ನಿಲ್ಲುವ ಹೊತ್ತಿಗೆ ಮುಂಗಾರು ಹತ್ತಿರ ಬಂದಿರುತ್ತದೆ. ಜೂನ್ ಮೊದಲ ವಾರದ ಸುಮಾರಿಗೆ ಮಳೆ ಹಿಡಿಯುತ್ತದೆ, ಶಾಲೆಗಳು ತೆರೆದಿರುತ್ತವೆ, ಸಿಟಿ ಬಸ್ಸುಗಳಲ್ಲಿ ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತವೆ. ಲಸಿಕೆ ಹಾಕಿಸಿಕೊಂಡ ಮೇಲೆ ದೇಹದಲ್ಲಿ ರಕ್ಷಣೆ ರೂಪುಗೊಳ್ಳಲು ಸುಮಾರು ಎರಡು ವಾರ ಬೇಕಾಗುವುದರಿಂದ, ಮಳೆ ಶುರುವಾದ ಮೇಲೆ ಮನೆಯಲ್ಲಿ ಒಬ್ಬರು ಮಲಗಿದಾಗ ಲಸಿಕೆಯ ನೆನಪಾದರೆ ಆ ಸುತ್ತಿನ ಜ್ವರಕ್ಕೆ ಅದು ಒದಗುವುದಿಲ್ಲ.

ಅಂತರಜಾಲದಲ್ಲಿ ಸಿಗುವ ಬಹುಪಾಲು ಸಲಹೆಗಳು ಅಮೆರಿಕ ಮತ್ತು ಯುರೋಪಿನವರಿಗಾಗಿ ಬರೆದವು. ಅಲ್ಲಿ ಫ್ಲೂ ಚಳಿಗಾಲದ ರೋಗ, ಆದ್ದರಿಂದ ಅಲ್ಲಿನವರು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಲಸಿಕೆ ಹಾಕಿಸಿಕೊಳ್ಳುತ್ತಾರೆ. ಭಾರತದಲ್ಲಿ ಫ್ಲೂ ವರ್ಷಕ್ಕೆ ಎರಡು ಬಾರಿ ಏರುತ್ತದೆ: ಒಮ್ಮೆ ಜನವರಿಯಿಂದ ಮಾರ್ಚ್ ನಡುವೆ, ಇನ್ನೊಮ್ಮೆ ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ. ಕರಾವಳಿಯಲ್ಲಿ ನಾಲ್ಕು ತಿಂಗಳು ಜನ ಮುಚ್ಚಿದ ಜಾಗಗಳಲ್ಲಿ ಒತ್ತೊತ್ತಾಗಿ ಕಳೆಯುತ್ತಾರೆ. ಅದರ ನಡುವೆಯೇ ಅಷ್ಟಮಿಯ ವಿಟ್ಲಪಿಂಡಿ, ಚೌತಿ, ಮೊಂತಿ ಹಬ್ಬ, ದಸರಾ ಒಂದರ ಹಿಂದೆ ಒಂದು ಬರುತ್ತವೆ. ಹಾಗಾಗಿ ಇಲ್ಲಿ ಮುಂಗಾರಿಗೆ ಮೊದಲೇ ತಯಾರಾಗುವುದು ಲೇಸು.

ಯಾರು ಹಾಕಿಸಿಕೊಳ್ಳಬೇಕು ಎಂಬುದಕ್ಕೆ ಬರುವ ಮೊದಲು ರೋಗದ ಬಗ್ಗೆ ಎರಡು ಮಾತು ಅಗತ್ಯ. ಮೂಗು ಸೋರಿ ಎರಡು ದಿನದಲ್ಲಿ ಇಳಿಯುವ ಶೀತ ಬೇರೆ, ಫ್ಲೂ ಬೇರೆ. ಫ್ಲೂ ಇದ್ದಕ್ಕಿದ್ದಂತೆ ಬರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ಚಳಿ, ಜ್ವರ, ಒಣ ಕೆಮ್ಮು, ಮೈಕೈ ನೋವಿನಿಂದ ಮುದುಡಿ ಮಲಗುತ್ತಾರೆ. ಹೆಚ್ಚಿನವರು ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರಾದರೂ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 30ರಿಂದ 50 ಲಕ್ಷ ಜನರಲ್ಲಿ ಇದು ತೀವ್ರವಾಗುತ್ತದೆ ಮತ್ತು ಇದರಿಂದಾಗುವ ಉಸಿರಾಟದ ತೊಂದರೆಗಳಿಂದ 2.9ರಿಂದ 6.5 ಲಕ್ಷ ಜನ ಸಾಯುತ್ತಾರೆ. ಮನುಷ್ಯರಲ್ಲಿ ಈಗ ಹರಡುತ್ತಿರುವ ಮುಖ್ಯ ವೈರಸ್‌ಗಳು ಎ ಗುಂಪಿನ ಎಚ್1ಎನ್1 ಮತ್ತು ಎಚ್3ಎನ್2, ಹಾಗೂ ಬಿ ಗುಂಪಿನ ವಿಕ್ಟೋರಿಯಾ ಬಗೆ. 2009ರಲ್ಲಿ ‘ಹಂದಿ ಜ್ವರ’ ಎಂದು ಎಲ್ಲರನ್ನೂ ನಡುಗಿಸಿದ ಎಚ್1ಎನ್1 ಅಂದು ಬಂದು ಅಂದೇ ಹೋಗಲಿಲ್ಲ, ಈಗ ಅದು ಪ್ರತಿವರ್ಷ ಬರುವ ಫ್ಲೂಗಳಲ್ಲಿ ಒಂದು. ಈ ವೈರಸ್‌ಗಳು ರೂಪ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆ ಎರಡು ಬಾರಿ, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೂ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೂ, ಲಸಿಕೆಯಲ್ಲಿ ಏನಿರಬೇಕೆಂದು ಶಿಫಾರಸು ಮಾಡುತ್ತದೆ. ಕಳೆದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದಿರುವುದಕ್ಕೆ ಇದೊಂದು ಕಾರಣ. ಲಸಿಕೆಯ ರಕ್ಷಣೆ ಕೆಲವೇ ತಿಂಗಳುಗಳಲ್ಲಿ ತಗ್ಗುತ್ತ ಹೋಗುವುದು ಇನ್ನೊಂದು.

ಹಂತ 1: ಮನೆಯವರ ಪಟ್ಟಿ ಮಾಡಿ

ಫ್ಲೂ ಲಸಿಕೆಯನ್ನು ಒಬ್ಬೊಬ್ಬರ ವಿಷಯವೆಂದು ನೋಡದೆ ಇಡೀ ಮನೆಯ ವಿಷಯವೆಂದು ನೋಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಅಪಾಯ ಹೆಚ್ಚಿರುವವರಲ್ಲಿ ಕೆಲವರಿಗೆ ಲಸಿಕೆ ಕೊಡಲು ಬರುವುದಿಲ್ಲ, ಇನ್ನು ಕೆಲವರ ದೇಹದಲ್ಲಿ ಅದು ಪೂರ್ತಿ ಕೆಲಸ ಮಾಡುವುದಿಲ್ಲ. ಅಂಥವರನ್ನು ಕಾಪಾಡುವುದು ಅವರ ಸುತ್ತ ಇರುವವರ ಲಸಿಕೆಯೇ. ಒಂದು ಹಾಳೆಯಲ್ಲಿ ಮನೆಯವರೆಲ್ಲರ ಹೆಸರು, ವಯಸ್ಸು, ಇರುವ ಕಾಯಿಲೆ, ಸೇವಿಸುವ ಔಷಧ ಬರೆದುಕೊಂಡು ಕೆಳಗಿನ ಗುಂಪುಗಳಲ್ಲಿ ಯಾರು ಎಲ್ಲಿಗೆ ಸೇರುತ್ತಾರೆಂದು ನೋಡಿ.

ಗರ್ಭಿಣಿಯರನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಗರ್ಭಾವಸ್ಥೆಯಲ್ಲಿ ಹೃದಯ, ಶ್ವಾಸಕೋಶ ಮತ್ತು ರೋಗನಿರೋಧಕ ಶಕ್ತಿಯಲ್ಲಿ ಆಗುವ ಬದಲಾವಣೆಗಳಿಂದಾಗಿ ಫ್ಲೂ ಅವರನ್ನು ಹೆಚ್ಚು ಕಾಡುತ್ತದೆ. 2009ರ ಸಾಂಕ್ರಾಮಿಕದಲ್ಲಿ ಇದು ಜಗತ್ತಿಗೆಲ್ಲ ಸ್ಪಷ್ಟವಾಗಿ ಕಂಡಿತು. ಚುಚ್ಚುಮದ್ದಿನ ರೂಪದ ನಿಷ್ಕ್ರಿಯ (ಸತ್ತ ವೈರಸ್‌ನಿಂದ ಮಾಡಿದ) ಲಸಿಕೆಯನ್ನು ಗರ್ಭಾವಸ್ಥೆಯ ಯಾವ ತಿಂಗಳಿನಲ್ಲಾದರೂ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿಯ ದೇಹದಲ್ಲಿ ಉಂಟಾದ, ವೈರಸನ್ನು ಎದುರಿಸುವ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಇಳಿಯುತ್ತವೆ. ಆರು ತಿಂಗಳು ತುಂಬದ ಶಿಶುವಿಗೆ ಯಾವ ಫ್ಲೂ ಲಸಿಕೆಯನ್ನೂ ಕೊಡುವಂತಿಲ್ಲವಾದ್ದರಿಂದ ಆ ಮೊದಲ ತಿಂಗಳುಗಳಲ್ಲಿ ಮಗುವಿಗೆ ಸಿಗುವುದು ತಾಯಿ ಕೊಟ್ಟ ರಕ್ಷಣೆ ಮಾತ್ರ. ಸೀಮಂತ ಮುಗಿಸಿ ತವರಿಗೆ ಬರುವ ಮಗಳಿಗಾಗಿ ಮನೆಯಲ್ಲಿ ಎಷ್ಟೋ ಏರ್ಪಾಡು ನಡೆಯುತ್ತದೆ. ಆ ಏರ್ಪಾಡಿನಲ್ಲಿ ಈ ಒಂದು ಚುಚ್ಚುಮದ್ದನ್ನೂ ಸೇರಿಸಿ, ನೋಡುತ್ತಿರುವ ಹೆರಿಗೆ ವೈದ್ಯರಲ್ಲಿ ಕೇಳಿ. ಹಾಲೂಡಿಸುವ ತಾಯಂದಿರೂ ಹಾಕಿಸಿಕೊಳ್ಳಬಹುದು.

ಮುಂದಿನವರು ವಯಸ್ಸಾದವರು. ಅನೇಕ ದೇಶಗಳು 65 ವರ್ಷವನ್ನು ಗಡಿಯಾಗಿ ಇಟ್ಟುಕೊಂಡಿವೆ. ನಮ್ಮಲ್ಲಿ ಸಕ್ಕರೆ ಕಾಯಿಲೆ, ಬಿಪಿ ಬೇಗನೆ ಅಂಟಿಕೊಳ್ಳುವುದನ್ನು ನೋಡಿದರೆ 60 ದಾಟಿದವರನ್ನೆಲ್ಲ ಪಟ್ಟಿಗೆ ಸೇರಿಸುವುದು ಸರಿಯೆನಿಸುತ್ತದೆ. ಹಿರಿಯರಲ್ಲಿ ಫ್ಲೂ ಬಂದಾಗ ಜ್ವರ ಜೋರಾಗಿ ಕಾಣದೇ ಇರಬಹುದು. ಊಟ ಬೇಡವೆನ್ನುವುದು, ಸುಮ್ಮನೆ ಮಲಗಿರುವುದು, ಏನೇನೋ ಮಾತಾಡುವುದು ಇವಷ್ಟೇ ಕಂಡು, ಎರಡು ದಿನದ ಮೇಲೆ ನ್ಯುಮೋನಿಯಾ ಎಂದು ಗೊತ್ತಾಗುತ್ತದೆ. 2023ರ ಮಾರ್ಚ್ ತಿಂಗಳಲ್ಲಿ ಪಕ್ಕದ ಹಾಸನ ಜಿಲ್ಲೆಯ ಹಿರಿಯರೊಬ್ಬರು ಎಚ್3ಎನ್2 ಸೋಂಕಿನಿಂದ ತೀರಿಕೊಂಡ ಸುದ್ದಿ ರಾಜ್ಯವನ್ನು ಎಚ್ಚರಿಸಿತು. ಅವರಿಗೆ ಮೊದಲೇ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇತ್ತು.

ಮೂರನೆಯ ಗುಂಪು ದೀರ್ಘಕಾಲದ ಕಾಯಿಲೆ ಇರುವವರದು, ವಯಸ್ಸು ಎಷ್ಟೇ ಇರಲಿ. ಅಸ್ತಮಾ, ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ಮೊದಲಾದ ಶ್ವಾಸಕೋಶದ ತೊಂದರೆ, ಹೃದ್ರೋಗ, ಸಕ್ಕರೆ ಕಾಯಿಲೆ, ಡಯಾಲಿಸಿಸ್‌ವರೆಗಿನ ಮೂತ್ರಪಿಂಡದ ಕಾಯಿಲೆ, ಯಕೃತ್ತಿನ ಕಾಯಿಲೆ, ಪಾರ್ಶ್ವವಾಯು ಮತ್ತಿತರ ನರಸಂಬಂಧಿ ತೊಂದರೆ, ಎಚ್‌ಐವಿ, ಕ್ಯಾನ್ಸರ್, ಅಂಗಾಂಗ ಕಸಿ, ದಿನವೂ ಸ್ಟಿರಾಯ್ಡ್ ಸೇವನೆ, ತೀರಾ ಹೆಚ್ಚಿದ ಬೊಜ್ಜು ಇವೆಲ್ಲ ಇದರಲ್ಲಿ ಬರುತ್ತವೆ. ಹೃದ್ರೋಗಿಗಳು ಇದನ್ನು ಶ್ವಾಸಕೋಶದವರ ಲಸಿಕೆ ಎಂದು ತಳ್ಳಿಹಾಕಬಾರದು. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಲೂ ಖಚಿತವಾದ ನಂತರದ ಏಳು ದಿನಗಳಲ್ಲಿ ಹೃದಯಾಘಾತದಿಂದ ಆಸ್ಪತ್ರೆ ಸೇರುವ ಸಂಭವ ಸುಮಾರು ಆರು ಪಟ್ಟು ಹೆಚ್ಚಿತ್ತು. ನಮ್ಮ ಕಡೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವರ್ಷಗಟ್ಟಲೆ ಹೊಗೆಸೊಪ್ಪಿನ ಪುಡಿಯ ನಡುವೆ ಕುಳಿತು ಬೀಡಿ ಕಟ್ಟಿದ, ಕಟ್ಟಿಗೆ ಒಲೆಯ ಹೊಗೆ ಕುಡಿದ ಹೆಂಗಸರಲ್ಲಿ ಎಷ್ಟೋ ಮಂದಿ ತಮ್ಮ ಕೆಮ್ಮನ್ನು ಕಾಯಿಲೆ ಎಂದೇ ಲೆಕ್ಕಿಸುವುದಿಲ್ಲ. ‘ಅದು ಮೊದಲಿಂದಲೂ ಇದೆ’ ಎನ್ನುತ್ತಾರೆ. ಅಂಥ ಅಮ್ಮ, ದೊಡ್ಡಮ್ಮ ಮನೆಯಲ್ಲಿದ್ದರೆ ಅವರ ಹೆಸರನ್ನು ಈ ಸಾಲಿನಲ್ಲಿ ಬರೆದು, ಒಮ್ಮೆ ಶ್ವಾಸಕೋಶದ ಪರೀಕ್ಷೆಯನ್ನೂ ಮಾಡಿಸಿ.

ಮಕ್ಕಳ ವಿಷಯದಲ್ಲಿ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು ಆರು ತಿಂಗಳಿನಿಂದ ಐದು ವರ್ಷದವರೆಗೆ ಪ್ರತಿವರ್ಷ ಲಸಿಕೆ ಹಾಕಿಸಲು ಸಲಹೆ ಮಾಡುತ್ತದೆ. ಅಸ್ತಮಾ ಅಥವಾ ಹುಟ್ಟಿನಿಂದ ಹೃದಯದ ತೊಂದರೆ ಇದ್ದರೆ ಐದರ ನಂತರವೂ ಮುಂದುವರಿಸಬೇಕು. ಇಲ್ಲೊಂದು ಗೊಂದಲ ಸಾಮಾನ್ಯ. ತಾಯಿ ಕಾರ್ಡಿನಲ್ಲಿ ಪೆಂಟಾವೇಲೆಂಟ್ ಲಸಿಕೆಯ ಎದುರು ‘ಹಿಬ್’ ಎಂದೋ, ‘ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ’ ಎಂದೋ ಓದಿದ ತಂದೆತಾಯಿ ಮಗುವಿಗೆ ಫ್ಲೂ ಲಸಿಕೆ ಆಗಿದೆ ಎಂದುಕೊಳ್ಳುತ್ತಾರೆ. ಅದು ನ್ಯುಮೋನಿಯಾ ಮತ್ತು ಮಿದುಳುಪೊರೆಯ ಉರಿಯೂತ ತರುವ ಒಂದು ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ, ಫ್ಲೂ ವೈರಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಕೊನೆಯ ಗುಂಪು ತಮಗಿಂತ ಹೆಚ್ಚಾಗಿ ಇತರರಿಗಾಗಿ ಹಾಕಿಸಿಕೊಳ್ಳಬೇಕಾದವರದು: ವೈದ್ಯರು, ದಾದಿಯರು, ಲ್ಯಾಬ್ ಮತ್ತು ಆಂಬುಲೆನ್ಸ್ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು, ವೃದ್ಧಾಶ್ರಮದ ಕೆಲಸದವರು, ಹೋಮ್ ನರ್ಸ್‌ಗಳು. ಹಾಗೆಯೇ ಆರು ತಿಂಗಳೊಳಗಿನ ಮಗು ಅಥವಾ ಕೀಮೋಥೆರಪಿ ಪಡೆಯುತ್ತಿರುವವರು ಇರುವ ಮನೆಯ ಪ್ರತಿಯೊಬ್ಬರೂ. ಹಜ್, ಉಮ್ರಾದಂಥ ದೊಡ್ಡ ಜನಸಂದಣಿಗೆ ಹೊರಟ ಹಿರಿಯರೂ ಪ್ರಯಾಣಕ್ಕೆ ಎರಡು ವಾರ ಮೊದಲು ಹಾಕಿಸಿಕೊಳ್ಳಬೇಕು.

ಇನ್ನುಳಿದ ಆರೋಗ್ಯವಂತ ವಯಸ್ಕರು ಬೇಕಿದ್ದರೆ ಹಾಕಿಸಿಕೊಳ್ಳಬಹುದು, ತೊಂದರೆಯೇನಿಲ್ಲ. ಹಣ ಎಲ್ಲರಿಗೂ ಸಾಲದ ಮನೆಯಲ್ಲಿ ಅವರ ಸರದಿ ಕೊನೆಗೆ. ಕಟಪಾಡಿಯಲ್ಲಿ ಹೀಗೊಂದು ಮನೆಯಿದೆ ಎಂದುಕೊಳ್ಳಿ: ಸಕ್ಕರೆ ಕಾಯಿಲೆಯ 72 ವರ್ಷದ ಅಜ್ಜಿ, ಏಳು ತಿಂಗಳ ಗರ್ಭಿಣಿ ಮಗಳು, ನಾಲ್ಕು ವರ್ಷದ ಮೊಮ್ಮಗ, ಬಸ್ ಕಂಡಕ್ಟರ್ ಆಗಿರುವ ಮಗ, ಗದ್ದೆ ತೋಟ ನೋಡಿಕೊಳ್ಳುವ, ಬೇರೆ ಕಾಯಿಲೆಯಿಲ್ಲದ 55ರ ಮಾವ. ನನ್ನ ಲೆಕ್ಕದಲ್ಲಿ ಮೊದಲ ಚುಚ್ಚುಮದ್ದು ಗರ್ಭಿಣಿಗೆ, ಏಕೆಂದರೆ ಅದು ಎರಡು ಜೀವ ಕಾಯುತ್ತದೆ. ಎರಡನೆಯದು ಅಜ್ಜಿಗೆ, ಮೂರನೆಯದು ಮೊಮ್ಮಗನಿಗೆ. ನಾಲ್ಕನೆಯದು ಕಂಡಕ್ಟರ್ ಮಗನಿಗೆ. ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಇಡೀ ದಿನ ಕೆಮ್ಮುವವರ ನಡುವೆ ನಿಂತು, ಸಂಜೆ ಮನೆಗೆ ವೈರಸ್ ತರುವ ಸಾಧ್ಯತೆ ಅವನಿಗೇ ಹೆಚ್ಚು. ಮಾವನಿಗೆ ಅನುಕೂಲವಾದರೆ ಹಾಕಿಸಬಹುದು. ಸೆಪ್ಟೆಂಬರ್‌ನಲ್ಲಿ ಬಾಣಂತಿ ಮತ್ತು ಮಗು ಮನೆಯಲ್ಲಿರುವುದರಿಂದ ಹಾಕಿಸುವುದೇ ಉತ್ತಮ.

ಹಂತ 2: ಯಾರಿಗೆ ಕೂಡದು, ಯಾರು ಮೊದಲು ಕೇಳಬೇಕು

ಹಿಂದೆ ಫ್ಲೂ ಲಸಿಕೆ ಹಾಕಿಸಿಕೊಂಡಾಗ, ಅಥವಾ ಅದರಲ್ಲಿರುವ ಯಾವುದಾದರೂ ಅಂಶದಿಂದ, ಉಸಿರು ಕಟ್ಟುವಷ್ಟು ತೀವ್ರ ಅಲರ್ಜಿಯಾಗಿದ್ದರೆ ಮತ್ತೆ ಹಾಕಿಸಿಕೊಳ್ಳಬಾರದು. ಹಿಂದಿನ ಫ್ಲೂ ಲಸಿಕೆಯಾಗಿ ಆರು ವಾರದೊಳಗೆ ಗೀಲನ್–ಬಾರೆ ಸಿಂಡ್ರೋಮ್ ಎಂಬ ನರಗಳ ತೊಂದರೆ ಬಂದಿದ್ದವರು ನರರೋಗ ತಜ್ಞರೊಡನೆ ಚರ್ಚಿಸಿಯೇ ಮುಂದುವರಿಯಬೇಕು. ಜೋರು ಜ್ವರ ಇದ್ದರೆ ಇಳಿಯುವವರೆಗೆ ಕಾಯಬೇಕು. ಸಣ್ಣ ಶೀತಕ್ಕೆ ಮುಂದೂಡಬೇಕಾಗಿಲ್ಲ. ಕೀಮೋಥೆರಪಿ ಪಡೆಯುವವರಿಗೆ ಯಾವ ವಾರ ಸೂಕ್ತ ಎಂಬುದನ್ನು ಕ್ಯಾನ್ಸರ್ ವೈದ್ಯರೇ ಹೇಳಬೇಕು. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆಯೂ ಒಂದಿದೆ. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಕೂಡದು.

ಮೊಟ್ಟೆಯ ಪ್ರಶ್ನೆ ನಮ್ಮಲ್ಲಿ ಎರಡು ಬಗೆಯಲ್ಲಿ ಬರುತ್ತದೆ. ಒಂದು ಅಲರ್ಜಿಯದು. ಹೆಚ್ಚಿನ ಫ್ಲೂ ಲಸಿಕೆಗಳ ವೈರಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರಾದ್ದರಿಂದ ಮೊದಲು ಮೊಟ್ಟೆಯ ಅಲರ್ಜಿ ಇದ್ದವರಿಗೆ ಬಹಳ ಎಚ್ಚರಿಕೆ ಹೇಳುತ್ತಿದ್ದರು. ವರ್ಷಗಳ ಅನುಭವದ ನಂತರ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2023ರಲ್ಲಿ, ಇತರ ಲಸಿಕೆಗಳಿಗೆ ತೆಗೆದುಕೊಳ್ಳುವ ಮಾಮೂಲಿ ಎಚ್ಚರಿಕೆಯೇ ಇವರಿಗೂ ಸಾಕು ಎಂದಿತು. ಆದರೂ ವೈದ್ಯರಿಗೆ ತಿಳಿಸಿ, ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಿ. ಇನ್ನೊಂದು ಆಚಾರದ ಪ್ರಶ್ನೆ. ಉಡುಪಿಯಂಥ ಊರಿನಲ್ಲಿ, ಮೊಟ್ಟೆ ಮನೆಯೊಳಗೆ ಬಾರದ ಕುಟುಂಬಗಳ ಹಿರಿಯರು ಇದನ್ನು ಕೇಳುವುದು ಸಹಜ, ಅವರಿಗೆ ನೇರ ಉತ್ತರ ಸಲ್ಲಬೇಕು: ಹೌದು, ವೈರಸನ್ನು ಮೊಟ್ಟೆಯಲ್ಲಿ ಬೆಳೆಸಿರುತ್ತಾರೆ, ಆಮೇಲೆ ಶುದ್ಧೀಕರಿಸುತ್ತಾರೆ, ಕೊನೆಗೆ ಉಳಿಯುವುದು ಮೊಟ್ಟೆಯ ಪ್ರೋಟೀನಿನ ಅತ್ಯಲ್ಪ ಕುರುಹು. ಇದನ್ನು ಮುಚ್ಚಿಟ್ಟು ಅಜ್ಜನಿಗೆ ಚುಚ್ಚಿಸುವುದು ಸರಿಯಲ್ಲ. ವಿಷಯ ತಿಳಿಸಿ, ಔಷಧವೆಂದು ಸ್ವೀಕರಿಸುವ ನಿರ್ಧಾರವನ್ನು ಅವರಿಗೇ ಬಿಡಬೇಕು.

ಹಂತ 3: ದಿನ ಗೊತ್ತುಮಾಡಿ

ದೊಡ್ಡವರಿಗೆ ವರ್ಷಕ್ಕೆ ಒಂದೇ ಡೋಸ್. ಆರು ತಿಂಗಳು ತುಂಬಿದ, ಒಂಬತ್ತು ವರ್ಷ ತುಂಬದ ಮಕ್ಕಳಿಗೆ ಜೀವನದಲ್ಲಿ ಮೊದಲ ಬಾರಿ ಹಾಕಿಸುವುದಾದರೆ ಕನಿಷ್ಠ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು, ಮರುವರ್ಷದಿಂದ ಒಂದೇ ಸಾಕು. ಆದ್ದರಿಂದ ಮಗುವಿನ ಲೆಕ್ಕ ಬೇಗ ಶುರುವಾಗಬೇಕು: ಮೊದಲ ಡೋಸ್ ಏಪ್ರಿಲ್ ಎರಡನೆಯ ವಾರದಲ್ಲಾದರೆ ಎರಡನೆಯದು ಮೇ ಎರಡನೆಯ ವಾರಕ್ಕೆ ಬರುತ್ತದೆ, ಶಾಲೆ ಅಥವಾ ಅಂಗನವಾಡಿ ತೆರೆಯುವಾಗ ರಕ್ಷಣೆ ಸಿದ್ಧವಿರುತ್ತದೆ. ರಜೆಗೆ ಮಕ್ಕಳನ್ನು ಅಜ್ಜಿಮನೆಗೆ ಕಳುಹಿಸುವವರು ಎರಡನೆಯ ಡೋಸಿನ ದಿನವನ್ನು ಮರೆಯದಿರಲಿ. ಒಂದೇ ಡೋಸಿಗೆ ನಿಂತರೆ ಮೊದಲ ವರ್ಷ ಸಾಕಷ್ಟು ರಕ್ಷಣೆ ಸಿಗುವುದಿಲ್ಲ.

ಮೇ ತಿಂಗಳು ತಪ್ಪಿಹೋದರೆ ಆ ವರ್ಷವನ್ನೇ ಕೈಬಿಡಬೇಡಿ. ಫ್ಲೂ ಆಗಸ್ಟ್, ಸೆಪ್ಟೆಂಬರ್‌ನಲ್ಲೂ ಹರಡುತ್ತದೆ, ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಹಾಕಿಸಿದರೂ ಪ್ರಯೋಜನವಿದೆ. ಗರ್ಭಿಣಿಗಂತೂ ಮಳೆಗಾಲದ ಲೆಕ್ಕ ನೋಡದೆ ವೈದ್ಯರು ಹೇಳಿದಾಗ ಕೊಡಿಸಬೇಕು.

ಹಂತ 4: ಎಲ್ಲಿ ಹಾಕಿಸುವುದು, ಏನು ನೋಡುವುದು

ಫ್ಲೂ ಲಸಿಕೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಪೋಲಿಯೊ, ದಡಾರ ಲಸಿಕೆಗಳಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆಂದು ಎಣಿಸಿ ಹೋಗಬೇಡಿ. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, ಮಕ್ಕಳ ವೈದ್ಯರ ಕ್ಲಿನಿಕ್‌ಗಳು, ದೊಡ್ಡ ಖಾಸಗಿ ಆಸ್ಪತ್ರೆಗಳು ನಮಗೆ ಹತ್ತಿರದ ದಾರಿ. ಸಾಮಾನ್ಯವಾಗಿ ಒಂದು ಡೋಸಿಗೆ ಸಾವಿರ ರೂಪಾಯಿ ಮೀರುತ್ತದೆ, ಬ್ರ್ಯಾಂಡಿನ ಮೇಲೆ ಬೆಲೆ ಬದಲಾಗುತ್ತದೆ. ಮೊದಲು ಫೋನ್ ಮಾಡಿ ದಾಸ್ತಾನು, ಬೆಲೆ, ಬೇರೆ ಸೇವಾ ಶುಲ್ಕ ಇದೆಯೇ ಎಂದು ಕೇಳಿಕೊಂಡರೆ ಸುಮ್ಮನೆ ಅಲೆಯುವುದು ತಪ್ಪುತ್ತದೆ.

ಚುಚ್ಚುವ ಮೊದಲು ಪೆಟ್ಟಿಗೆಯನ್ನು ಕೈಗೆ ಕೇಳಿ ಪಡೆದು ನೋಡುವುದು ನಿಮ್ಮ ಹಕ್ಕು. ಅದರ ಮೇಲೆ ಅವಧಿ ಮುಗಿಯುವ ದಿನಾಂಕದ ಜೊತೆಗೆ ಯಾವ ವರ್ಷದ, ಯಾವ ಗೋಳಾರ್ಧದ ಶಿಫಾರಸಿನಂತೆ ತಯಾರಿಸಿದ್ದು ಎಂದೂ ಮುದ್ರಿಸಿರುತ್ತಾರೆ. ಮುಂಗಾರಿಗೆ ಮೊದಲು ಹಾಕಿಸುವವರಿಗೆ ಹಿಂದಿನ ಸೆಪ್ಟೆಂಬರ್‌ನ ಶಿಫಾರಸಿನಂತೆ ತಯಾರಾದ, ಆ ವರ್ಷದ ದಕ್ಷಿಣ ಗೋಳಾರ್ಧದ ಲಸಿಕೆ ಸಿಕ್ಕಿದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಇರುವುದರಲ್ಲಿ ಅತ್ಯಂತ ಹೊಸದು. ಮೂರು ವೈರಸ್‌ಗಳದೋ ನಾಲ್ಕರದೋ ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಾಲ್ಕನೆಯದಾದ ಬಿ–ಯಮಗಾಟಾ ಬಗೆ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಕಂಡುಬಂದಿಲ್ಲ, ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯೇ ಈಗ ಮೂರು ವೈರಸ್‌ಗಳ ಲಸಿಕೆ ಸಾಕೆನ್ನುತ್ತದೆ.

ತಂಪಿನ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಏಪ್ರಿಲ್–ಮೇ ಸೆಖೆಯಲ್ಲಿ ಮೆಡಿಕಲ್‌ನಿಂದ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಎರಡು ಬಸ್ಸು ಬದಲಿಸಿ ಕ್ಲಿನಿಕ್ಕಿಗೆ ಒಯ್ದ ಲಸಿಕೆಯನ್ನು ನಂಬುವಂತಿಲ್ಲ. ಮಂಜುಗಡ್ಡೆಗೆ ನೇರವಾಗಿ ತಾಗಿಸಿ ತಂದರೆ ಅದೂ ಕೆಡುತ್ತದೆ. ಲಸಿಕೆಯನ್ನು ತಾವೇ ಇಟ್ಟುಕೊಂಡು, ಕರೆಂಟು ಹೋದರೂ ತಂಪು ಉಳಿಯುವ ವ್ಯವಸ್ಥೆ ಇರುವ ಕಡೆಯಲ್ಲೇ ಹಾಕಿಸುವುದು ಕ್ಷೇಮ.

ಹಂತ 5: ಚುಚ್ಚುಮದ್ದಿನ ದಿನ

ಹೊಟ್ಟೆಗೆ ತಿಂದು ಹೋಗಿ. ದಿನದ ಮಾತ್ರೆ ನಿಲ್ಲಿಸಬೇಕಾಗಿಲ್ಲ. ತೋಳು ಸಡಿಲವಾದ ಬಟ್ಟೆ ಹಾಕಿಕೊಂಡರೆ ಅನುಕೂಲ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಮೊದಲೇ ಹೇಳಿದರೆ ಸಣ್ಣ ಸೂಜಿ ಬಳಸಿ, ಚುಚ್ಚಿದ ಜಾಗವನ್ನು ಉಜ್ಜದೆ ಕೆಲವು ನಿಮಿಷ ಒತ್ತಿ ಹಿಡಿಯುತ್ತಾರೆ. ದೊಡ್ಡವರಿಗೆ ತೋಳಿನ ಮೇಲ್ಭಾಗದ ಸ್ನಾಯುವಿಗೆ, ಶಿಶುಗಳಿಗೆ ತೊಡೆಯ ಹೊರಬದಿಗೆ ಕೊಡುತ್ತಾರೆ. ಹಿರಿಯರಿಗೆ ನ್ಯುಮೋನಿಯಾ ತಡೆಯಲು ಕೊಡುವ ನ್ಯುಮೋಕಾಕಲ್ ಲಸಿಕೆಯೂ ಆಗಬೇಕಿದ್ದರೆ ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಬಹುದು. ಚುಚ್ಚಿದ ಮೇಲೆ ಹದಿನೈದು ನಿಮಿಷವಾದರೂ ಅಲ್ಲೇ ಕುಳಿತಿರಿ. ತೀವ್ರ ಅಲರ್ಜಿ ಬಹಳ ವಿರಳ, ಬಂದರೆ ಸಾಮಾನ್ಯವಾಗಿ ಆ ಅವಧಿಯಲ್ಲೇ ಕಾಣಿಸಿಕೊಳ್ಳುತ್ತದೆ. ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕಗಳನ್ನು ತಾಯಿ ಕಾರ್ಡಿನಲ್ಲೋ ಆಸ್ಪತ್ರೆಯ ಚೀಟಿಯಲ್ಲೋ ಬರೆಸಿಕೊಂಡು ಫೋಟೊ ತೆಗೆದಿಡಿ.

ಒಂದೆರಡು ದಿನ ತೋಳು ನೋಯಬಹುದು, ಸಣ್ಣ ಜ್ವರ, ಮೈನೋವು ಇರಬಹುದು. ‘ಲಸಿಕೆ ಹಾಕಿಸಿದ್ದಕ್ಕೇ ಫ್ಲೂ ಬಂತು’ ಎಂಬ ಮಾತು ಇದರಿಂದ ಹುಟ್ಟಿದ್ದು. ಚುಚ್ಚುಮದ್ದಿನಲ್ಲಿರುವುದು ಸತ್ತ ವೈರಸ್ ಅಥವಾ ಅದರ ತುಣುಕುಗಳಷ್ಟೇ, ಅದರಿಂದ ರೋಗ ಬರಲಾರದು.

ಹಂತ 6: ಲಸಿಕೆಯಾದ ಮೇಲೂ ಜ್ವರ ಬಂದರೆ

ಲಸಿಕೆ ಮತ್ತು ಹರಡುವ ವೈರಸ್ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ವೈದ್ಯರಲ್ಲಿಗೆ ಹೋಗಬೇಕಾಗುವಂಥ ಫ್ಲೂ ಬರುವ ಸಂಭವ ಶೇ. 40ರಿಂದ 60ರಷ್ಟು ಕಡಿಮೆಯಾಗುತ್ತದೆ. ಪೂರ್ತಿ ತಡೆ ಅಲ್ಲ. ಆದರೆ ಲಸಿಕೆಯಾದವರಿಗೆ ಫ್ಲೂ ಬಂದರೂ ಆಸ್ಪತ್ರೆ, ಐಸಿಯು ಸೇರುವ ಹಂತಕ್ಕೆ ಹೋಗುವುದು ಕಡಿಮೆ. ಅಪಾಯದ ಗುಂಪಿನವರಿಗೆ ಜ್ವರ ಕಂಡ ಕೂಡಲೇ ವೈದ್ಯರ ಬಳಿ ಹೋಗಬೇಕು, ಏಕೆಂದರೆ ಒಸೆಲ್ಟಾಮಿವಿರ್ ಎಂಬ ಔಷಧ ಮೊದಲ 48 ಗಂಟೆಗಳಲ್ಲಿ ಆರಂಭಿಸಿದಾಗ ಹೆಚ್ಚು ಕೆಲಸ ಮಾಡುತ್ತದೆ. ಆಂಟಿಬಯಾಟಿಕ್‌ಗಳು ವೈರಸ್ಸಿಗೆ ನಾಟುವುದಿಲ್ಲ. ಮೆಡಿಕಲ್‌ನಲ್ಲಿ ಕೇಳಿ ತಂದು ನುಂಗಬೇಡಿ. ಮಕ್ಕಳಿಗೆ ಜ್ವರದಲ್ಲಿ ಆಸ್ಪಿರಿನ್ ಕೊಡಲೇಬಾರದು.

ನಮ್ಮ ಊರಿಗೆ ವಿಶೇಷವಾಗಿ ಅನ್ವಯಿಸುವ ಎಚ್ಚರಿಕೆ ಇನ್ನೊಂದಿದೆ. ಮಳೆಗಾಲದಲ್ಲಿ ಇಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರಗಳೂ ಒಟ್ಟೊಟ್ಟಿಗೆ ಓಡಾಡುತ್ತವೆ. ಫ್ಲೂ ಲಸಿಕೆ ಇವ್ಯಾವುದನ್ನೂ ತಡೆಯುವುದಿಲ್ಲ. ‘ಇಂಜೆಕ್ಷನ್ ಆಗಿದೆ, ಇದು ಮಾಮೂಲಿ ಜ್ವರ’ ಎಂದು ಗದ್ದೆಯಲ್ಲಿ ದುಡಿದವರು ಮೂರ್ನಾಲ್ಕು ದಿನ ಮನೆಯಲ್ಲೇ ಮಲಗಿದರೆ ಇಲಿಜ್ವರ ಮೂತ್ರಪಿಂಡಕ್ಕೆ ಇಳಿದಿರಬಹುದು. ಕೆಮ್ಮು, ಗಂಟಲು ನೋವು ಇಲ್ಲದ ಜ್ವರ, ಕಣ್ಣು ಕೆಂಪಾಗಿ ಮೀನಖಂಡ ಹಿಡಿದುಕೊಳ್ಳುವ ಜ್ವರ, ದಿನ ಬಿಟ್ಟು ದಿನ ಚಳಿ ಹತ್ತುವ ಜ್ವರ ಇವಕ್ಕೆಲ್ಲ ರಕ್ತಪರೀಕ್ಷೆ ಬೇಕೇ ಬೇಕು. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ಉಸಿರಾಡಲು ಕಷ್ಟ, ಎದೆನೋವು, ತುಟಿ ನೀಲಿಯಾಗುವುದು, ಕಫದಲ್ಲಿ ರಕ್ತ, ಅರೆಪ್ರಜ್ಞೆ, ಮಗು ಹಾಲು ಕುಡಿಯದೆ ಮಂಕಾಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ, ಲಸಿಕೆಯ ಚೀಟಿಯನ್ನೂ ಜೊತೆಗೆ ಒಯ್ಯಿರಿ.